ಗಿಣಿಗಳು, ಮೊಂಡರು

ನಮ್ಮ ಅಮ್ಮನ ಕಡೆಯ ಮನೆತನದಲ್ಲಿ ಎರಡೇ ಪಂಗಡ. ಒಂದು ಗಿಣಿಗಳು, ಇನ್ನೊಂದು ಮೊಂಡರು. ಅಜ್ಜಿಯದು ನಡುವೆ ಎತ್ತರವಾಗಿ ತುದಿಯಲ್ಲಿ ಬಾಗಿ ಇಳಿದ ಗಿಣಿಮೂಗು. ತಾತನದು ಯಾರೋ ಹೆಬ್ಬೆರಳಿನಿಂದ ಒತ್ತಿಬಿಟ್ಟ ಹಾಗಿದ್ದ ಮೊಂಡು ಮೂಗು. ಮಕ್ಕಳು, ಮೊಮ್ಮಕ್ಕಳೆಲ್ಲ ಈ ಎರಡರಲ್ಲಿ ಒಂದನ್ನು ಹೊತ್ತುಕೊಂಡೇ ಹುಟ್ಟಿದರು. ಯಾರ ಮನೆಯಲ್ಲಾದರೂ ಹೆರಿಗೆಯಾಯಿತು ಎಂದು ಸುದ್ದಿ ಬಂದರೆ ಹೆಣ್ಣೋ ಗಂಡೋ ಎಂದು ಕೇಳುವ ಮೊದಲೇ ನಮ್ಮವರು ಕೇಳುತ್ತಿದ್ದುದು, "ಗಿಣಿನಾ, ಮೊಂಡಾನಾ?" ಎಂದು.

ಕೇಳಿದವರಿಗೆ ನಗು ಬರುತ್ತದೆ. ಆದರೆ ನಾವು ಅದನ್ನು ಬರೀ ನಗುವುದಕ್ಕೆ ಕೇಳುತ್ತಿರಲಿಲ್ಲ. ಅಜ್ಜಿ ತಲೆಯಲ್ಲಿ ಒಂದು ಬಿಳಿಕೂದಲು ಕಾಣುವ ಮೊದಲೇ ದೊಡ್ಡ ಕರುಳಿನ ಕ್ಯಾನ್ಸರಿನಿಂದ ಹೋದಳು. ಅಮ್ಮನೂ ಅದರಿಂದಲೇ ಹೋದಳು, ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ. ಚಿಕ್ಕಮ್ಮನಿಗೂ ಅದೇ ಬಂತು. ಅವಳದು ಬೇಗ ಗೊತ್ತಾಗಿ, ಒಂದಷ್ಟು ಕರುಳನ್ನು ಕತ್ತರಿಸಿ ತೆಗೆದದ್ದರಿಂದ ಉಳಿದುಕೊಂಡು, ಇವತ್ತಿಗೂ ಊರವರ ಉಸಾಬರಿಯಲ್ಲೆಲ್ಲ ಮೂಗು ತೂರಿಸಿಕೊಂಡು ಗಟ್ಟಿಯಾಗಿದ್ದಾಳೆ. ಮೂವರೂ ಅಪ್ಪಟ ಗಿಣಿಗಳು. ಇಷ್ಟಾದ ಮೇಲೆ ಮನೆಯಲ್ಲಿ ಒಂದು ಸಿದ್ಧಾಂತ ಹುಟ್ಟದೇ ಇರುತ್ತದೆಯೇ? ಅಜ್ಜಿಯ ಮೂಗು ಬಂದವರಿಗೆ ಅಜ್ಜಿಯ ಕಾಯಿಲೆಯೂ ಬರುತ್ತದೆ. ಮೂಗು ಮೊಂಡಾದರೆ ಕರುಳು ಗಟ್ಟಿ. ಯಾರು ಮೊದಲು ಹೇಳಿದರೋ ಗೊತ್ತಿಲ್ಲ, ಎಲ್ಲರೂ ನಂಬಿದೆವು.

ಈ ಸಿದ್ಧಾಂತಕ್ಕೆ ಒಬ್ಬನೇ ಒಬ್ಬ ಅಡ್ಡಗಾಲು, ನಮ್ಮ ದೊಡ್ಡಮಾವ. ಅಮ್ಮನ ಅಣ್ಣ, ಎಂಬತ್ತರ ಹತ್ತಿರ ಬಂದವನು, ಗಿಣಿಮೂಗು ಎಂದರೆ ಅವನದೇ. ಆದರೆ ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳುವ ಗಟ್ಟಿ ಆಸಾಮಿ. ಅದಕ್ಕೂ ನಮ್ಮವರ ಹತ್ತಿರ ಉತ್ತರ ರೆಡಿ ಇತ್ತು. ದೊಡ್ಡಮಾವ ಹುಡುಗನಾಗಿದ್ದಾಗ ಸೈಕಲ್ಲಿನಿಂದ ಬಿದ್ದು ಮೂಗು ಮುರಿದುಕೊಂಡಿದ್ದನಂತೆ. ಮುರಿದು ಕೂಡಿಕೊಂಡ ಮೂಗು ಲೆಕ್ಕಕ್ಕಿಲ್ಲ ಎಂದು ಚಿಕ್ಕಮ್ಮ ತೀರ್ಪು ಕೊಟ್ಟಳು, ಮುಗಿಯಿತು.

ನಾನು ಗಿಣಿ. ಅದೂ ಒಂದನೇ ದರ್ಜೆಯದು. ಸಾಲದ್ದಕ್ಕೆ ನನ್ನ ಕಸುಬೂ ಮೂಗಿನ ಮೇಲೇ ನಿಂತದ್ದು. ಪೇಟೆಬೀದಿಯ ತಿರುವಿನಲ್ಲಿ ನನ್ನ ಕನ್ನಡಕದ ಅಂಗಡಿ ಇದೆ. ಯಾರ ಮೂಗಿನ ಮೇಲೆ ಯಾವ ಫ್ರೇಮು ಕೂರುತ್ತದೆ, ಯಾವುದು ಜಾರುತ್ತದೆ ಎಂದು ನೋಡಿದ ಕೂಡಲೇ ಹೇಳಬಲ್ಲೆ. ಹಾಗಾಗಿ ಮನೆತನದ ಮೂಗುಗಳ ವಿಷಯದಲ್ಲಿ ಕೊನೆಯ ಮಾತು ನನ್ನದು. ಅನುಮಾನವಿದ್ದ ಮಕ್ಕಳನ್ನು ನನ್ನ ಹತ್ತಿರ ಕರೆತಂದು ತೋರಿಸಿ, ಯಾವ ಪಂಗಡ ಎಂದು ಕೇಳಿಕೊಂಡು ಹೋಗುತ್ತಿದ್ದರು.

ಗಿಣಿಗಳೆಲ್ಲ ವರ್ಷ ವರ್ಷ ಆಸ್ಪತ್ರೆಗೆ ಹೋಗಿ ಕರುಳಿಗೆ ಕೊಳವೆ ಬಿಡಿಸಿಕೊಂಡು ನೋಡಿಸಿಕೊಳ್ಳಬೇಕು. ಹಿಂದಿನ ದಿನ ಉಪವಾಸ ಕೂತು, ಆ ಹಾಳು ಭೇದಿ ಔಷಧಿಯನ್ನು ಚೊಂಬುಗಟ್ಟಲೆ ಕುಡಿದು, ಬಚ್ಚಲಿಗೂ ಮಂಚಕ್ಕೂ ಓಡಾಡಿ ಅರ್ಧ ಜೀವವಾಗಬೇಕು. ನನಗೆ ಆ ಔಷಧಿಯ ಬಣ್ಣ ಕಂಡರೇ ಮೈ ಉರಿಯುತ್ತದೆ. ಪ್ರತಿ ಸಲವೂ ನನ್ನ ಜೊತೆಗೆ ಬರುವವನು ನನ್ನ ತಮ್ಮ. ಅವನದು ಬೇಕರಿ, ಅವನ ಮೂಗು ಅವನೇ ಮಾಡುವ ಬನ್ನಿನ ಹಾಗೆ ದುಂಡಗೆ, ಮೊಂಡ. ನಾನು ಹಸಿದು ಕಣ್ಣುಕತ್ತಲೆ ಬಂದು ಕೂತಿದ್ದರೆ ಅವನು ಎದುರಿಗೇ ಕೂತು ಬನ್ನು ತಿನ್ನುವನು.

"ಏನ್ ಮಾಡ್ಲಿ ಅಕ್ಕ, ಮೊಂಡರ ಹಣೇಲಿ ಬನ್ನು ಬರ್ದಿದೆ, ಗಿಣಿಗಳ ಹಣೇಲಿ ಕೊಳವೆ ಬರ್ದಿದೆ," ಎನ್ನುವನು.

ಅವನ ತಲೆಗೆ ಏನಾದರೂ ಎಸೆಯುವಷ್ಟು ಶಕ್ತಿಯೂ ನನಗೆ ಆಗ ಇರುತ್ತಿರಲಿಲ್ಲ. ಅವನು ಒಂದು ಸಲವೂ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ಮಾಡಿಸಿಕೋ ಎಂದು ಅವನಿಗೆ ಯಾರೂ ಹೇಳಿಯೂ ಇರಲಿಲ್ಲ, ನಾನೂ ಸೇರಿ.

ಹೀಗಿರುವಾಗ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಒಬ್ಬಳು ಬಂದಳು. ಕುಳ್ಳಗಿನ ಹೆಂಗಸು, ಮಾತು ಪಟಪಟ, ಕನ್ನಡಕ ಮಾತ್ರ ಜಾರಿ ಜಾರಿ ತುಟಿಯ ಹತ್ತಿರ ಬರುತ್ತಿತ್ತು. ಕ್ಯಾನ್ಸರ್ ಯಾಕೆ ಬರುತ್ತದೆ, ಕೆಲವು ಮನೆತನಗಳಲ್ಲಿ ಬಿಡದೆ ಯಾಕೆ ಸುತ್ತುತ್ತದೆ ಎಂದು ಹುಡುಕುವ ಸಂಶೋಧಕಿ ಅವಳು. ಚಿಕ್ಕಮ್ಮನಿಗೆ ಆಪರೇಷನ್ ಮಾಡಿದ ಡಾಕ್ಟರೇ ಅವಳಿಗೆ ನಮ್ಮ ಮನೆತನದ ವಿಷಯ ಹೇಳಿದ್ದರಂತೆ, ಚಿಕ್ಕಮ್ಮನ ರಕ್ತವನ್ನು ಆಗಲೇ ಪರೀಕ್ಷಿಸಿ ಮುಗಿಸಿದ್ದಳು. ಚಿಕ್ಕಮ್ಮ ಅವಳಿಗೆ ಆಗಲೇ ಪತ್ತೇದಾರಿ ಎಂದು ಹೆಸರಿಟ್ಟಾಗಿತ್ತು. ನಾವೆಲ್ಲ ಅದನ್ನೇ ಉಳಿಸಿಕೊಂಡೆವು, ಅವಳಿಗೂ ಅದು ಇಷ್ಟವಾಯಿತು.

"ನಿಮ್ ಚಿಕ್ಕಮ್ಮನ ಒಂದು ಜೀನಲ್ಲಿ ಒಂದು ವ್ಯತ್ಯಾಸ ಸಿಕ್ಕಿದೆ," ಎಂದಳು ಪತ್ತೇದಾರಿ, ಕೂರುವ ಮೊದಲೇ. "ಜೀವಕೋಶ ತನ್ನ ತಪ್ಪನ್ನ ತಾನೇ ರಿಪೇರಿ ಮಾಡ್ಕೊಳ್ಳೋಕೆ ಸಹಾಯ ಮಾಡೋ ಜೀನು ಅದು. ಆದ್ರೆ ಈ ವ್ಯತ್ಯಾಸಾನ ಇದುವರೆಗೂ ಯಾರೂ ಎಲ್ಲೂ ನೋಡಿಲ್ಲ. ಇದೇ ಕಳ್ಳನೋ, ಸುಮ್ನೆ ದಾರೀಲಿ ಹೋಗ್ತಿರೋ ಪಾಪದವನೋ, ಗೊತ್ತಾಗ್ತಿಲ್ಲ."

ನನಗೆ ಅವಳ ಮಾತಿಗಿಂತ ಅವಳ ಕನ್ನಡಕವೇ ಹಿಂಸೆ ಕೊಡುತ್ತಿತ್ತು. ಮೊದಲು ಅದನ್ನು ಕೊಡಿ ಎಂದು ಕಿತ್ತುಕೊಂಡು ನೋಡಿದರೆ ಒಂದು ಕಡೆಯ ಸ್ಕ್ರೂ ಬದಲಿಗೆ ಯಾರೋ ಬೇರೆ ಅಳತೆಯದನ್ನು ಹಾಕಿದ್ದರು. ಹಾಗೆಂದು ತೋರಿಸಿದ್ದೇ ತಡ, ಪತ್ತೇದಾರಿ ಶುರುಮಾಡಿದಳು.

"ಹಾ, ಅದೇ! ನಿಮ್ಮನೇಲೂ ಒಂದು ಸ್ಕ್ರೂ ಬೇರೆ ಥರ ಇದೆ. ಕನ್ನಡಕ ಜಾರೋದು ಆ ಸ್ಕ್ರೂ ದೆಸೆಯಿಂದ್ಲಾ, ಇಲ್ಲಾ ಅದು ಬರೀ ಬೇರೆ ಬಣ್ಣದ್ದಾ? ಒಬ್ಬರನ್ನ ನೋಡಿ ಹೇಳೋಕಾಗಲ್ಲ. ಮನೆಯವರೆಲ್ಲ ಬೇಕು. ಕಾಯಿಲೆ ಬಂದವರು, ಬರದೇ ಇರೋರು, ಎಲ್ಲಾರೂ. ಬಂದವರಲ್ಲೆಲ್ಲ ಆ ಸ್ಕ್ರೂ ಇದ್ದು, ವಯಸ್ಸಾದ್ರೂ ಬರದೇ ಇರೋರಲ್ಲಿ ಇಲ್ದೇ ಇದ್ರೆ, ಕಳ್ಳ ಸಿಕ್ಕಿಬೀಳೋಕೆ ಶುರು!"

ಅವಳ ಕಣ್ಣು ಹೊಳೆಯುತ್ತಿತ್ತು. ಇಷ್ಟು ಖುಷಿಯಾಗಿ ನಮ್ಮ ಕಾಯಿಲೆಯ ಬಗ್ಗೆ ಮಾತಾಡಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಮ್ಮ ಮನೆಯಲ್ಲಿ ಅದರ ಹೆಸರು ಬಂದರೆ ದನಿ ತಗ್ಗುತ್ತಿತ್ತು. ಇವಳು ಅದನ್ನು ಓಡಿಸಿಕೊಂಡು ಹೋಗುವ ಉತ್ಸಾಹದಲ್ಲಿದ್ದಳು. ಆ ಉತ್ಸಾಹ ನನಗೂ ಅಂಟಿಕೊಂಡಿತು, ನಾನೂ ಕೌಂಟರಿನ ಈಚೆಗೆ ಬಂದು ಕುರ್ಚಿ ಎಳೆದು ಕೂತೆ. ನಮ್ಮ ಮೂಗಿನ ಸಿದ್ಧಾಂತವನ್ನೆಲ್ಲ ಬಿಡಿಸಿ ಹೇಳಿದೆ. ದೊಡ್ಡಮಾವನ ಸೈಕಲ್ಲಿನ ಕತೆಯನ್ನೂ ಹೇಳಿದೆ.

ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ, ಮುಂದೆ ಬಾಗಿ ಕೇಳಿದಳು.

"ಮೂಗು ಮೊಂಡಾದವರು ಯಾರಾದ್ರೂ ಯಾವತ್ತಾದ್ರೂ ಪರೀಕ್ಷೆ ಮಾಡಿಸ್ಕೊಂಡಿದಾರಾ?"

"ಅವರ್ಯಾಕೆ ಮಾಡಿಸ್ಕೊಳ್ತಾರೆ? ಅವರು ಮೊಂಡರು."

"ಹಾಗಾದ್ರೆ ಅವರಿಗೆ ಇಲ್ಲ ಅಂತ ಹೇಗೆ ಗೊತ್ತು?"

ಆಗಲೇ ನನಗೆ ಹೊಳೆದದ್ದು. ಮೂವರು ಕಾಯಿಲೆ ಬಿದ್ದರು, ಮೂವರ ಮೂಗೂ ಒಂದೇ ಥರ. ಅಷ್ಟಕ್ಕೇ ನಾವು ಅರ್ಧ ಮನೆತನಕ್ಕೆ ಬೇಲಿ ಹಾಕಿ, ಇನ್ನರ್ಧವನ್ನು ಬಯಲಿಗೆ ಬಿಟ್ಟಿದ್ದೆವು. ಬೇಲಿಯ ಒಳಗೆ ಮಾತ್ರ ಹುಡುಕಿದ್ದರಿಂದ ಸಿಕ್ಕಿದ್ದೆಲ್ಲ ಒಳಗೇ ಸಿಕ್ಕಿತ್ತು. ಹೊರಗಿದ್ದವನು ನನ್ನ ತಮ್ಮ.

"ಮೂಗಿಗೂ ಆ ಜೀನಿಗೂ ಸಂಬಂಧ ಇಲ್ಲ ಅಂತ ನಂಗನ್ಸುತ್ತೆ," ಎಂದಳು ಪತ್ತೇದಾರಿ. "ಆದ್ರೆ ಅನ್ಸೋದನ್ನ ಹೇಳ್ಬಾರ್ದು. ನೀವು ಮೂಗು ಅಳೀರಿ, ನಾನು ರಕ್ತ ನೋಡ್ತೀನಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗಿದ್ರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಅದು ಗಿಣೀನೂ ನೋಡಲ್ಲ, ಮೊಂಡನ್ನೂ ನೋಡಲ್ಲ. ನಿಮ್ಮ ತಮ್ಮ ಬರ್ತಾರಲ್ವಾ?"

"ಬರ್ದೇ ಏನು? ಕಿವಿ ಹಿಡ್ಕೊಂಡು ಎಳ್ಕೊಂಡು ಬರ್ತೀನಿ," ಎಂದೆ.

ಅಂಗಡಿಗೆ ರಜೆ ಇದ್ದ ದಿನ ಮನೆತನವೆಲ್ಲ ನನ್ನ ಅಂಗಡಿಯಲ್ಲಿ ಸೇರಿತು. ಗೋಡೆಯ ಕನ್ನಡಿಗಳಲ್ಲೆಲ್ಲ ಗಿಣಿಗಳು, ಮೊಂಡರು. ನನಗೆ ನನ್ನ ಮದುವೆಯ ದಿನ ಕೂಡ ಅಷ್ಟು ಸಂಭ್ರಮ ಆಗಿರಲಿಲ್ಲ. ಒಂದು ಮೂಲೆಯಲ್ಲಿ ನರ್ಸಮ್ಮ ರಕ್ತ ತೆಗೆಯುತ್ತಿದ್ದಳು, ಇನ್ನೊಂದು ಮೂಲೆಯಲ್ಲಿ ಫ್ರೇಮು ಅಳೆಯುವ ಪಟ್ಟಿ ಹಿಡಿದು ನಾನು ಮೂಗು ಅಳೆಯುತ್ತಿದ್ದೆ, ನಡುವೆ ಪತ್ತೇದಾರಿ ಗೋಡೆಯ ಮೇಲಿನ ದೊಡ್ಡ ಹಾಳೆಯಲ್ಲಿ ವಂಶವೃಕ್ಷ ಬರೆಯುತ್ತಿದ್ದಳು. ಚಿಕ್ಕಮ್ಮ ಅವಳ ಪಕ್ಕ ನಿಂತು ಸತ್ತವರು, ಬದುಕಿರುವವರು, ಮಾತು ಬಿಟ್ಟವರು ಎಲ್ಲರ ಜಾತಕ ಹೇಳುತ್ತಿದ್ದಳು.

"ಮಾವ, ಅಲ್ಲಾಡ್ಬೇಡಿ," ಎಂದೆ ದೊಡ್ಡಮಾವನಿಗೆ.

"ಏನೇ ಇದು, ಮುರಿದ್ ಮೂಗು ಲೆಕ್ಕಕ್ಕಿಲ್ಲ ಅಂತಿದ್ರಿ, ಈಗ ನೋಡಿದ್ರೆ ಎಲ್ಲಾರ್ಗಿಂತ ಮೊದ್ಲು ನನ್ನನ್ನೇ ಹಿಡ್ಕೊಂಡಿದೀರಲ್ಲ?"

"ನೀವೇ ಸ್ವಾಮಿ ಮುಖ್ಯ ಸಾಕ್ಷಿ," ಎಂದು ಪತ್ತೇದಾರಿ ಗೋಡೆಯ ಹತ್ತಿರದಿಂದಲೇ ಕೂಗಿದಳು. "ಇಷ್ಟು ವಯಸ್ಸಾದ್ರೂ ನಿಮಗೇನೂ ಆಗಿಲ್ಲ. ನಿಮ್ಮಲ್ಲೂ ಆ ವ್ಯತ್ಯಾಸ ಇದ್ರೆ ನನ್ನ ಕಳ್ಳ ಬಹುಶಃ ಕಳ್ಳ ಅಲ್ಲ."

ದೊಡ್ಡಮಾವನಿಗೆ ಎಲ್ಲಿಲ್ಲದ ಗತ್ತು ಬಂದು, ತೋಳು ಮಡಿಸಿ ನರ್ಸಮ್ಮನ ಮುಂದೆ ಸಿಂಹಾಸನವೇರಿದಂತೆ ಕೂತ. ನನ್ನ ತಮ್ಮ ಬಂದದ್ದು ಎಲ್ಲರಿಗಿಂತ ಕೊನೆಗೆ, ಹೆಂಡತಿಯ ಜೊತೆ, ಕೈಯಲ್ಲಿ ಬಿಸಿಬಿಸಿ ಬನ್ನಿನ ಪೆಟ್ಟಿಗೆ. ರಕ್ತ ಕೊಟ್ಟವರಿಗೆಲ್ಲ ತಾನೇ ಒಂದೊಂದು ಹಂಚಿದ. ಮೂಗು ಅಳೆಯುವಾಗ ಮೆಳ್ಳೆಗಣ್ಣು ಮಾಡಿ ಎಲ್ಲರನ್ನೂ ನಗಿಸಿದ. ರಕ್ತ ಕೊಡುವಾಗಲೂ ನಗುತ್ತಲೇ ಇದ್ದ. ಆದರೆ ಪತ್ತೇದಾರಿ ಎಲ್ಲರನ್ನೂ ಕೇಳಿದ ಹಾಗೆ ಅವನನ್ನೂ, "ನಿಮ್ಮ ಫಲಿತಾಂಶ ಬಂದ್ಮೇಲೆ ನಿಮಗೆ ತಿಳೀಬೇಕಾ?" ಎಂದು ಕೇಳಿದಾಗ ಅವನ ನಗು ನಿಂತಿತು.

"ಬೇಡ," ಎಂದ. "ನಿಮ್ಮ ಸಂಶೋಧನೆಗೆ ಎಷ್ಟು ಬೇಕೋ ಅಷ್ಟು ರಕ್ತ ತಗೊಳ್ಳಿ. ನಂಗೇನೂ ಹೇಳ್ಬೇಡಿ."

"ಲೋ!" ಎಂದು ನಾನು ಬಾಯಿ ಹಾಕಿದೆ. ಪತ್ತೇದಾರಿ ಕೈಯೆತ್ತಿ ನನ್ನನ್ನು ತಡೆದಳು. ತಿಳಿದುಕೊಳ್ಳುವುದೂ ಬಿಡುವುದೂ ಅವರವರ ಹಕ್ಕು, ಯಾವಾಗ ಮನಸ್ಸು ಬದಲಾದರೂ ಬಂದು ಕೇಳಬಹುದು ಎಂದಳು. ತಮ್ಮ ಖಾಲಿ ಪೆಟ್ಟಿಗೆ ಎತ್ತಿಕೊಂಡು ಬೇಕರಿಗೆ ಹೊರಟುಬಿಟ್ಟ.

ಆಮೇಲಿನ ವಾರಗಳು ಹೇಗೆ ಕಳೆದವೋ. ಪತ್ತೇದಾರಿಯ ಫೋನು ಬಂದರೆ ಗಿರಾಕಿಯ ಕಣ್ಣಿನ ಮೇಲಿದ್ದ ಕನ್ನಡಕವನ್ನು ಅಲ್ಲೇ ಬಿಟ್ಟು ಓಡುತ್ತಿದ್ದೆ. ಒಂದು ದಿನ ಅವಳು ಏದುಸಿರಲ್ಲಿ ಮಾತಾಡಿದಳು.

"ಒಂದು ವಿಷಯ ಹೇಳ್ತೀನಿ, ಕೂತ್ಕೊಳ್ಳಿ. ನಿಮ್ಮಮ್ಮನ ಗೆಡ್ಡೆಯ ಚೂರು ಸಿಕ್ತು!"

ಅಮ್ಮನಿಗೆ ಆಪರೇಷನ್ ಮಾಡಿದ ಹಳೇ ಆಸ್ಪತ್ರೆಯಲ್ಲಿ, ಕತ್ತರಿಸಿ ತೆಗೆದದ್ದರಲ್ಲಿ ಒಂದು ಚೂರನ್ನು ಮೇಣದಲ್ಲಿ ಹುದುಗಿಸಿ ಎತ್ತಿಟ್ಟಿದ್ದರಂತೆ. ಆಸ್ಪತ್ರೆಗಳಲ್ಲಿ ಹಾಗೆ ಇಡುವುದುಂಟಂತೆ. ನಮ್ಮ ಒಪ್ಪಿಗೆ ಪಡೆದು ಪತ್ತೇದಾರಿ ಅಲ್ಲಿಗೆ ಹೋಗಿ, ನೆಲಮಾಳಿಗೆಯ ಕಪಾಟುಗಳನ್ನೆಲ್ಲ ಜಾಲಾಡಿ ಹುಡುಕಿಸಿದ್ದಳು. ಉಗುರಿನಷ್ಟು ದೊಡ್ಡ ಮೇಣದ ಬಿಲ್ಲೆ.

"ನಿಮ್ಮಮ್ಮ ಸಾಕ್ಷಿ ಹೇಳೋಕೆ ಬಂದಿದಾರೆ ಕಣ್ರೀ," ಎಂದಳು.

ಇಷ್ಟು ವರ್ಷ ಆದ ಮೇಲೆ ಅಮ್ಮನ ಒಂದು ಚೂರು ಈ ಭೂಮಿಯ ಮೇಲೆ ಇನ್ನೂ ಇದೆ ಎನ್ನುವುದೇ ನನಗೆ ನಂಬಲಾಗಲಿಲ್ಲ. ಅಳು ಬಂತು, ಜೊತೆಗೆ ಹೇಳಲಾರದ ಖುಷಿ. ಅಮ್ಮ ಸುಮ್ಮನೆ ಹೋಗಲಿಲ್ಲ, ನಮಗೋಸ್ಕರ ಒಂದು ಚೂರು ಬಿಟ್ಟು ಹೋಗಿದ್ದಳು. ಎದುರಿಗಿದ್ದ ಗಿರಾಕಿ ಗಾಬರಿಯಾಗಿ ನೀರು ತಂದುಕೊಟ್ಟರು.

ಕೊನೆಗೆ ಒಂದು ಬೆಳಿಗ್ಗೆ ಪತ್ತೇದಾರಿ ನಮ್ಮನ್ನು ತನ್ನ ಲ್ಯಾಬಿಗೆ ಕರೆಸಿದಳು. ಯಂತ್ರಗಳು ಗುಂಯ್ ಎನ್ನುವ ಉದ್ದ ಕೋಣೆ, ಅದರ ಕೊನೆಯಲ್ಲಿ ಗಾಜಿನ ಬಾಗಿಲಿನ ಪುಟ್ಟ ರೂಮು. ಒಬ್ಬೊಬ್ಬರನ್ನೇ ಒಳಗೆ ಕರೆದು ಹೇಳುವುದು ಅವಳ ನಿಯಮ. ನನಗಿಂತ ಮೊದಲು ಹೋದ ದೊಡ್ಡಮಾವ ಹೊರಗೆ ಬಂದವನೇ, ನಿಯಮವನ್ನೆಲ್ಲ ಗಾಳಿಗೆ ತೂರಿ, "ನಂಗಿಲ್ಲ! ಮೂಗು ಮುರೀದೇ ಇದ್ದಿದ್ರೂ ನಂಗಿರ್ತಿರ್ಲಿಲ್ವಂತೆ!" ಎಂದು ಇಡೀ ಲ್ಯಾಬಿಗೆ ಕೇಳುವ ಹಾಗೆ ಸಾರಿದ.

ನಾನು ಒಳಗೆ ಹೋದೆ. ಪತ್ತೇದಾರಿಯ ಕನ್ನಡಕ ಈಗ ಸರಿಯಾಗಿ ಮೂಗಿನ ಮೇಲೆ ಕೂತಿತ್ತು. ಮೊದಲು ಮನೆತನದ ವಿಷಯ ಹೇಳಿದಳು. ಚಿಕ್ಕಮ್ಮನ ವ್ಯತ್ಯಾಸ ಅಮ್ಮನ ಮೇಣದ ಚೂರಿನಲ್ಲೂ ಇತ್ತು. ರಿಪೇರಿ ಕೆಲಸ ನಿಂತುಹೋದ ಗುರುತು ಇಬ್ಬರ ಗೆಡ್ಡೆಯಲ್ಲೂ ಇತ್ತು. ದೊಡ್ಡಮಾವನಲ್ಲಿ ಅದು ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ದೂರದ ಇನ್ನೊಂದು ದೇಶದಲ್ಲಿ ಅದೇ ಕಾಯಿಲೆ ಸುತ್ತುತ್ತಿದ್ದ ಮತ್ತೊಂದು ಮನೆತನದಲ್ಲಿ ಅದೇ ವ್ಯತ್ಯಾಸ ಸಿಕ್ಕಿತ್ತು.

"ಕಳ್ಳ ಸಿಕ್ಕಿಬಿದ್ದ!" ಎಂದು ಮೇಜು ಕುಟ್ಟಿದಳು. "ನಿಮ್ಮ ಮೂಗಿನ ಲೆಕ್ಕಾನೂ ಪಕ್ಕದಲ್ಲಿಟ್ಟು ನೋಡಿದೆ. ಎರಡು ಪಂಗಡದಲ್ಲೂ ಇರೋರಿದಾರೆ, ಎರಡರಲ್ಲೂ ಇಲ್ದೇ ಇರೋರಿದಾರೆ. ಇನ್ನು ನಿಮ್ದು. ನಿಮಗೆ ಅದು ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಬೇರೆಯವರಿಗೆ ಎಷ್ಟು ಭಯವೋ ನಿಮಗೂ ಅಷ್ಟೇ. ವರ್ಷ ವರ್ಷ ಕೊಳವೆ ಬೇಕಾಗಿಲ್ಲ. ಎಲ್ಲಾರ ಹಾಗೆ ವಯಸ್ಸಿಗೆ ತಕ್ಕ ಪರೀಕ್ಷೆ ಮಾಡಿಸ್ಕೊಂಡ್ರೆ ಸಾಕು."

ನಾನು ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. ಪತ್ತೇದಾರಿಯನ್ನು ಎಳೆದು ಅಪ್ಪಿಕೊಂಡೆ. ಇಷ್ಟು ವರ್ಷ ಹೊಟ್ಟೆಯಲ್ಲಿ ಸಣ್ಣ ಚಳುಕು ಬಂದರೂ, ಆಯಿತು, ನನ್ನ ಸರದಿ ಬಂತು ಎಂದು ನಡುಗುತ್ತಿದ್ದವಳು ನಾನು. ಕುಣಿಯೋಣ ಅನ್ನಿಸಿತು. ಕುಣಿಯುವುದಕ್ಕೆ ಕಾಲೆತ್ತುವ ಮೊದಲೇ ತಮ್ಮನ ನೆನಪು ಬಂತು.

"ನನ್ನ ತಮ್ಮಂಗೆ?"

ಅವಳು ತಟಕ್ಕನೆ ಮುಖ ತಿರುಗಿಸಿದಳು. "ಅವರು ಬೇಡ ಅಂದಿದಾರೆ. ಹಾಗಂದ್ಮೇಲೆ ನಾನು ಯಾರಿಗೂ ಹೇಳೋ ಹಾಗಿಲ್ಲ."

"ಹೇಳ್ಬೇಡಿ. ಒಂದೇ ಒಂದ್ಸಲ ಕಣ್ಣು ಮಿಟುಕಿಸಿ."

"ಮಿಟುಕಿಸಲ್ಲ. ನನ್ನ ಮುಖಾನೂ ನೋಡ್ಬೇಡಿ." ಅವಳು ಎದ್ದು ಕಿಟಕಿಯ ಕಡೆಗೆ ನಿಂತಳು. ಬೆನ್ನು ನೋಡಿ ಏನು ತಿಳಿಯುತ್ತದೆ? "ಅವರನ್ನೇ ಕರ್ಕೊಂಡು ಬನ್ನಿ. ಒತ್ತಾಯ ಮಾಡ್ಬೇಡಿ. ಆದ್ರೆ ಮಾತಾಡ್ಬಹುದು."

ಒತ್ತಾಯ ಮಾಡದೆ ಮಾತಾಡುವುದು ನನಗೆ ಗೊತ್ತಿಲ್ಲದ ವಿದ್ಯೆ. ಲ್ಯಾಬಿನಿಂದ ನೇರ ಬೇಕರಿಗೆ ಓಡಿದೆ. ದಾರಿಯುದ್ದಕ್ಕೂ ಅವನಿಗೆ ಏನೇನು ಹೇಳಬೇಕು, ಎಷ್ಟು ಬೈಯಬೇಕು ಎಂದು ಲೆಕ್ಕ ಹಾಕಿಕೊಂಡು ಹೋದೆ. ಒಲೆಯ ಮನೆಯಲ್ಲಿ ಅವನು ಮೊಣಕೈವರೆಗೂ ಹಿಟ್ಟು ಮಾಡಿಕೊಂಡು ಕಣಕ ನಾದುತ್ತಿದ್ದ, ಅವನ ಹೆಂಡತಿ ತಟ್ಟೆಗಳಿಗೆ ಬೆಣ್ಣೆ ಸವರುತ್ತಿದ್ದಳು.

"ನಂಗಿಲ್ಲ ಕಣೋ!" ಎಂದೆ, ಬಾಗಿಲಲ್ಲೇ.

ಅವನಿಗೆ ಅರ್ಥವಾಗುವುದಕ್ಕೆ ಒಂದು ಕ್ಷಣ ಬೇಕಾಯಿತು. ಆಮೇಲೆ ಹೋ ಎಂದು ಕೂಗಿಕೊಂಡು ಬಂದು ನನ್ನನ್ನು ಎತ್ತಿಬಿಟ್ಟ. ನಲವತ್ತು ದಾಟಿದವನು, ಅವನಿಗಿಂತ ದೊಡ್ಡವಳಾದ, ದಪ್ಪಗಿರುವ ಅಕ್ಕನನ್ನು ಎತ್ತಿ ಸುತ್ತಿಸಿದ. ನನ್ನ ಸೀರೆಯೆಲ್ಲ ಹಿಟ್ಟು. "ಇಲ್ವಾ? ನಿಂಗಿಲ್ವಾ? ನಿಜ್ವಾಗ್ಲೂ ಇಲ್ವಾ?" ಎಂದು ಕೇಳಿದ್ದನ್ನೇ ಕೇಳಿದ. ಅವನ ಕಣ್ಣಲ್ಲಿ ನೀರು. ವರ್ಷ ವರ್ಷ ಆಸ್ಪತ್ರೆಯಲ್ಲಿ ಎದುರಿಗೆ ಕೂತು ಬನ್ನು ತಿನ್ನುತ್ತಿದ್ದವನು ನನಗೋಸ್ಕರ ಎಷ್ಟು ಹೆದರಿದ್ದ ಎಂದು ನನಗೆ ಆಗ ಗೊತ್ತಾಯಿತು.

ಸುತ್ತುವುದು ನಿಂತಿತು. ನನ್ನನ್ನು ಕೆಳಗಿಳಿಸಿ, ನನ್ನ ಮೂಗನ್ನೇ ನೋಡಿದ.

"ಗಿಣಿಗೇ ಇಲ್ಲ ಅಂದ್ರೆ," ಎಂದವನು ಮುಂದೆ ಹೇಳಲಿಲ್ಲ.

ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಬೈಗುಳವೆಲ್ಲ ನನ್ನ ಗಂಟಲಲ್ಲೇ ಉಳಿಯಿತು. ಅವನು ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತ.

"ಎಲ್ಲಾರೂ ಮೂಗು ಮೂಗು ಅಂತ ತಮಾಷೆ ಮಾಡ್ತಿದ್ರಿ," ಎಂದ. "ನಂಗದು ತಮಾಷೆ ಆಗಿರ್ಲಿಲ್ಲ ಅಕ್ಕ. ಅಮ್ಮಂಗೆ ಕೊನೆಕೊನೇಲಿ ಗಂಜಿ ಕುಡಿಸ್ತಿದ್ದೋನು ನಾನು. ನೀನು ಕೆಲ್ಸಕ್ಕೆ ಹೋಗ್ತಿದ್ದೆ. ಒಂದು ಚಮಚ ಗಂಜಿ ಒಳಗೆ ಹೋಗೋಕೆ ಅವಳು ಪಡ್ತಿದ್ದ ಪಾಡು ನಾನು ನೋಡಿದೀನಿ. ಆ ಮೂಗನ್ನ ನಂಬ್ಕೊಂಡೇ ನಾನು ಇಷ್ಟು ವರ್ಷ ನಿದ್ದೆ ಮಾಡಿದ್ದು. ಈಗ ಹೋಗಿ ಕೇಳು ಅಂತೀಯಾ. ಇದೆ ಅಂತ ಹೇಳಿಬಿಟ್ರೆ?"

ಅವನ ಹೆಂಡತಿ ಬೆಣ್ಣೆಯ ಕೈ ಒರೆಸಿಕೊಂಡು ಬಂದು ಅವನ ಪಕ್ಕ ನಿಂತಳು. ಒಳಗೆ ಕಾದ ಒಲೆಯ ಬಿಸಿ, ಬೆಂದ ಹಿಟ್ಟಿನ ವಾಸನೆ. ನಾನು ಅವನ ಎದುರಿಗೆ ಇನ್ನೊಂದು ಮೂಟೆಯ ಮೇಲೆ ಕೂತೆ.

"ಹೇಳಿಬಿಟ್ರೆ ನಿನ್ನ ಸರದಿ, ವರ್ಷ ವರ್ಷ ನೀನು ಆ ಔಷಧಿ ಕುಡೀಬೇಕು," ಎಂದೆ. "ನಿನ್ನೆದುರಿಗೆ ಕೂತು ನಾನು ಬನ್ನು ತಿಂತೀನಿ. ಅಷ್ಟೇ ಕಣೋ. ಅಮ್ಮಂಗೆ ಗೊತ್ತಾಗಿದ್ದು ಎಲ್ಲಾ ಮುಗಿದ ಮೇಲೆ. ಚಿಕ್ಕಮ್ಮಂಗೆ ಬೇಗ ಗೊತ್ತಾಯ್ತು, ನೋಡು ಹೇಗಿದಾಳೆ, ನಿನ್ನನ್ನೂ ನನ್ನನ್ನೂ ಮಣ್ಣು ಮಾಡಿ ಹೋಗ್ತಾಳೆ ಅವಳು. ನಿಂಗೆ ಶುರುವಾಗೋಕ್ಕಿಂತ ಮೊದ್ಲೇ ಗೊತ್ತಾಗ್ಬಹುದು. ಇಂಥ ಅವಕಾಶ ನಮ್ಮನೇಲಿ ಯಾರಿಗೂ ಸಿಕ್ಕಿರ್ಲಿಲ್ಲ. ಇಲ್ದೇ ಇದ್ರೂ ಇರಬಹುದು, ಅದೂ ಅರ್ಧಕ್ಕರ್ಧ. ನಿನ್ನ ಹೆಣ್ಮಕ್ಕಳ ಬಗ್ಗೆನೂ ಯೋಚ್ನೆ ಮಾಡು. ನಾನು ಒತ್ತಾಯ ಮಾಡಲ್ಲ."

ತಮ್ಮ ತಲೆಯೆತ್ತಿದ. "ನೀನು? ಒತ್ತಾಯ ಮಾಡಲ್ವಾ?"

"ಮಾಡ್ಬಾರ್ದಂತೆ. ಪತ್ತೇದಾರಿ ಹೇಳಿದಾಳೆ."

ಅವನ ಹೆಂಡತಿಗೆ ನಗು ಬಂದುಬಿಟ್ಟಿತು. ಅವನಿಗೂ ಬಂತು, ಅಳುವಿನ ನಡುವೆಯೇ. ಎದ್ದು ಒಲೆಯ ಬಾಗಿಲು ತೆಗೆದು, ಒಳಗಿದ್ದ ಬನ್ನುಗಳನ್ನು ಒಂದೂ ಸೀಯದ ಹಾಗೆ ಹೊರಗೆಳೆದ. ಕೈ ತೊಳೆದುಕೊಂಡ. "ನಡಿ, ಧೈರ್ಯ ಇಳಿದು ಹೋಗೋಕ್ಕಿಂತ ಮೊದ್ಲು ಹೋಗಿಬಿಡೋಣ," ಎಂದ.

ಪತ್ತೇದಾರಿ ಅವನನ್ನು ಕಂಡದ್ದೇ ಕುರ್ಚಿಯಿಂದ ಎದ್ದು ನಿಂತಳು. ನನ್ನನ್ನೂ ಅವನ ಹೆಂಡತಿಯನ್ನೂ ಒಳಗೆ ಕರೆಯಬೇಕೆ ಎಂದು ಅವನನ್ನೇ ಕೇಳಿದಳು, ಅವನು ಹೂಂ ಎಂದ. ನಿಮಗೆ ನಿಜವಾಗಲೂ ತಿಳಿಯಬೇಕಾ ಎಂದು ಮತ್ತೊಂದು ಸಲ ಕೇಳಿದಳು. ಅವನು ಅದಕ್ಕೂ ಹೂಂ ಎಂದ.

"ನಿಮಗಿದೆ," ಎಂದಳು.

ತಮ್ಮ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡನೆಂದರೆ ನನ್ನ ಉಂಗುರ ಚರ್ಮಕ್ಕೆ ಒತ್ತಿಹೋಯಿತು.

"ಇದೆ ಅಂದ್ರೆ ಕಾಯಿಲೆ ಇದೆ ಅಂತಲ್ಲ," ಎಂದಳು ಪತ್ತೇದಾರಿ, ಬೇಗ ಬೇಗ. "ಬರಬಹುದು ಅಂತ. ಬರೋ ದಾರಿ ಯಾವುದು ಅಂತ ನಮಗೀಗ ಗೊತ್ತು. ದಾರೀಲೇ ಹೋಗಿ ನಿಂತ್ಕೊಳ್ಳೋಣ. ಈ ವಾರಾನೇ ನೋಡಿಸ್ಬಿಡೋಣ, ಆಗಬಹುದಾ?"

ಆ ವಾರವೇ ಅವನು ಭೇದಿ ಔಷಧಿ ಕುಡಿದ. ಅರ್ಧ ಚೊಂಬಿಗೇ ನನಗೆ ಫೋನು ಮಾಡಿ, "ಅಕ್ಕ, ಇದನ್ನ ನೀನು ವರ್ಷ ವರ್ಷ ಕುಡೀತಿದ್ಯಾ? ನಾನು ಎದುರಿಗೆ ಕೂತು ತಿಂತಿದ್ನಾ? ನನ್ನ ಯಾಕೆ ಕೊಲ್ಲಲಿಲ್ಲ ನೀನು?" ಎಂದು ಕೇಳಿದ. ಮಾತು ಮುಗಿಯುವ ಮೊದಲೇ ಫೋನು ಬಿಸಾಕಿ ಬಚ್ಚಲಿಗೆ ಓಡಿದ ಸದ್ದು ಕೇಳಿಸಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮರುದಿನ ಆಸ್ಪತ್ರೆಯಲ್ಲಿ ಮಾತ್ರ ನಗು ಬರಲಿಲ್ಲ. ಕೊಳವೆ ಬಿಡುವ ಕೋಣೆಯ ಬಾಗಿಲು ಮುಚ್ಚಿಕೊಂಡ ಮೇಲೆ ನಾನೂ ಅವನ ಹೆಂಡತಿಯೂ ಹೊರಗೆ ಬೆಂಚಿನ ಮೇಲೆ ಕೂತೆವು. ಅವನ ಬೇಕರಿಯಿಂದ ತಂದಿದ್ದ ಬನ್ನಿನ ಪೊಟ್ಟಣ ನನ್ನ ತೊಡೆಯ ಮೇಲೇ ಇತ್ತು, ಒಂದು ಚೂರೂ ಮುರಿಯಲಾಗಲಿಲ್ಲ. ಒಳಗಿದ್ದ ಡಾಕ್ಟರು ವರ್ಷ ವರ್ಷ ನನ್ನನ್ನು ನೋಡಿದವರೇ. ಅವರು ಹೊರಗೆ ಬಂದಾಗ ಅವರ ಮುಖ ನೋಡುವುದಕ್ಕೇ ನನಗೆ ಧೈರ್ಯ ಸಾಲಲಿಲ್ಲ. "ಒಳಗೆ ಬನ್ನಿ, ಎಚ್ಚರ ಆಗಿದೆ," ಎಂದರು.

ತಮ್ಮ ಮಂಚದ ಮೇಲೆ ಅರೆನಿದ್ದೆಯಲ್ಲಿ ಒರಗಿದ್ದ. ಡಾಕ್ಟರು ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಕೆಂಪಗೆ ಹೊಳೆಯುವ ಕರುಳಿನ ಗೋಡೆ, ಅದರ ಮೇಲೆ ಬಟಾಣಿ ಕಾಳಿನಷ್ಟು ಒಂದು ಗುಳ್ಳೆ.

"ಇದೊಂದೇ ಇತ್ತು. ಬೇರು ಸಮೇತ ತೆಗ್ದುಬಿಟ್ಟೆ," ಎಂದರು. "ಇದಿನ್ನೂ ಕ್ಯಾನ್ಸರ್ ಥರ ಕಾಣ್ತಿಲ್ಲ, ಲ್ಯಾಬಿಗೆ ಕಳಿಸಿ ಖಾತ್ರಿ ಮಾಡ್ಕೋತೀವಿ. ಹಾಗೇ ಬಿಟ್ಟಿದ್ರೆ ಕ್ಯಾನ್ಸರ್ ಆಗ್ತಿತ್ತು. ನಿಮ್ಮನೆ ಜೀನಿಗೆ ಬಹಳ ವರ್ಷಾನೂ ಬೇಕಾಗ್ತಿರ್ಲಿಲ್ಲ."

ಅವನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ನನಗೆ ಡಾಕ್ಟರ ಕಾಲು ಹಿಡಿಯಲೋ, ಪತ್ತೇದಾರಿಗೆ ಫೋನು ಮಾಡಲೋ, ಕಿಟಕಿ ತೆಗೆದು ಬೀದಿಗೆಲ್ಲ ಕೇಳುವ ಹಾಗೆ ಕೂಗಲೋ ಗೊತ್ತಾಗಲಿಲ್ಲ. ತಮ್ಮ ಮಾತ್ರ ಆ ಚಿತ್ರವನ್ನು ಬಹಳ ಹೊತ್ತು ನೋಡಿದ. ಔಷಧಿಯ ಮಂಪರು ಇನ್ನೂ ಪೂರ್ತಿ ಇಳಿದಿರಲಿಲ್ಲ, ನಾಲಿಗೆ ತೊದಲುತ್ತಿತ್ತು.

"ಡಾಕ್ಟ್ರೇ, ನಮ್ಮಮ್ಮಂದೂ ಒಂದು ಕಾಲಕ್ಕೆ ಇಷ್ಟೇ ಇತ್ತಾ?"

"ಇದ್ದಿರುತ್ತೆ. ಎಲ್ಲಾರ್ದೂ ಮೊದ್ಲು ಇಷ್ಟೇ ಇರುತ್ತೆ."

"ಹಾಗಾದ್ರೆ ಇಷ್ಟಿದ್ದಾಗ್ಲೇ ಯಾರಾದ್ರೂ ನೋಡಿದ್ದಿದ್ರೆ..."

ಅದಕ್ಕೆ ಉತ್ತರ ನಾನು ಹೇಳಿದೆ.

"ನೋಡಿದ್ದಿದ್ರೆ ಇವತ್ತು ಇಲ್ಲೇ ಕೂತ್ಕೊಂಡು ನಿನ್ನ ಬೈತಿದ್ಲು ಕಣೋ. ಇಷ್ಟು ವರ್ಷ ಯಾಕೋ ನೋಡಿಸ್ಕೊಳ್ಲಿಲ್ಲ ಅಂತ."

ಅವನು ನನ್ನ ಕೈಗಾಗಿ ತಡಕಾಡಿ ಹಿಡಿದುಕೊಂಡ. "ಹಾಗಾದ್ರೆ ನೀನೇ ಬೈಯಕ್ಕ," ಎಂದ.

ನಾನು ಬೈದೆ. ಬೇಕರಿಗೆ ಓಡುವಾಗ ದಾರಿಯಲ್ಲಿ ಕಟ್ಟಿಕೊಂಡು ಹೋಗಿದ್ದನ್ನೂ ಬೈದೆ, ಅಮ್ಮನ ಪಾಲಿನದ್ದನ್ನೂ ಸೇರಿಸಿ ಬಾಯಿತುಂಬ ಬೈದೆ. ನನ್ನ ದನಿ ಒಡೆದು ಹೋಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ಒಂದೂ ಬಿಡದೆ ಎಲ್ಲವನ್ನೂ ಕೇಳಿಸಿಕೊಂಡ.